ಅಟ್ಟೆಯಲ್ಲಿ ಕೊರೆದ ಗುಂಡಿ

ನಮ್ಮ ಬೀದಿಯಲ್ಲಿ ಯಾರಿಗೆ ಕಾಲು ನೋವು ಬಂದರೂ ಮೊದಲು ಡಾಕ್ಟರ ಹತ್ತಿರ ಹೋಗುವುದಿಲ್ಲ. ಮೆತ್ತೆಯಣ್ಣನ ಅಂಗಡಿಗೆ ಬರುತ್ತಾರೆ. ಹಿಮ್ಮಡಿ ಒಡೆದವರು, ಆಣಿ ಎದ್ದವರು, ದಿನವಿಡೀ ನಿಂತು ದುಡಿದು ಪಾದ ಊದಿಸಿಕೊಂಡವರು, ಎಲ್ಲರಿಗೂ ಅವರೇ ಗತಿ. ಅವರು ಅಳತೆ ತೆಗೆದು ಚಪ್ಪಲಿ ಹೊಲಿಯುವವರು. ಅವರು ಮಾಡಿದ ಚಪ್ಪಲಿ ಹಾಕಿಕೊಂಡರೆ ಮೆತ್ತೆಯ ಮೇಲೆ ನಡೆದ ಹಾಗಿರುತ್ತದೆ, ಅದಕ್ಕೇ ಆ ಹೆಸರು. ನಿಜವಾದ ಹೆಸರು ಅವರ ಹೆಂಡತಿಗೂ ಮರೆತುಹೋಗಿರಬೇಕು.

ನಾನು ಪಕ್ಕದ ಅಂಗಡಿಯ ಟೈಲರ್. ನಮ್ಮಿಬ್ಬರ ಅಂಗಡಿಗಳ ನಡುವೆ ಇರುವುದು ಒಂದು ಹಲಗೆಯ ಗೋಡೆ. ನಾನು ಕದ್ದು ಕೇಳುವವಳಲ್ಲ. ಆದರೆ ಹೊಲಿಗೆ ಮಿಷನ್ ನಿಲ್ಲಿಸಿದರೆ ಆ ಕಡೆಯ ಮಾತು ತಾನಾಗಿಯೇ ಈ ಕಡೆ ಬರುತ್ತದೆ. ಅದಕ್ಕೆ ನಾನೇನು ಮಾಡಲಿ?

ಮೆತ್ತೆಯಣ್ಣ ಕೆಲಸ ಮಾಡುವ ಕ್ರಮವನ್ನು ಹೇಳಲೇಬೇಕು, ಯಾಕೆಂದರೆ ಈ ಕಥೆ ನಿಂತಿರುವುದೇ ಅದರ ಮೇಲೆ. ಬಂದವರನ್ನು ಕಂದು ಕಾಗದದ ಮೇಲೆ ನಿಲ್ಲಿಸುತ್ತಾರೆ. ಪಾದದ ಸುತ್ತ ಪೆನ್ಸಿಲ್ ಓಡಿಸಿ ಗೆರೆ ಎಳೆಯುತ್ತಾರೆ. ಆಮೇಲೆ ಕಾಲೆತ್ತಿಸಿ ಅಂಗಾಲು ನೋಡುತ್ತಾರೆ. ಎಲ್ಲಿ ಆಣಿ, ಎಲ್ಲಿ ಬಿರುಕು, ಎಲ್ಲಿ ಮಚ್ಚೆ, ಎಲ್ಲಿ ನರುಲಿ ಎಂದು ಕಾಗದದ ಮೇಲೆ ಅದೇ ಜಾಗದಲ್ಲಿ, ಅದೇ ಗಾತ್ರದಲ್ಲಿ ಬರೆದು ಪಕ್ಕದಲ್ಲಿ ಅದರ ಹೆಸರು, ಮೂಲೆಯಲ್ಲಿ ಬಂದವರ ಹೆಸರು, ತಾರೀಖು ಹಾಕುತ್ತಾರೆ. ಚಪ್ಪಲಿಯ ಒಳ ಅಟ್ಟೆ, ಅಂದರೆ ನಮ್ಮ ಪಾದ ತಾಗುವ ಪದರ, ಅಲ್ಲಿ ಆ ಗುರುತಿಗೆ ಸರಿಯಾಗಿ ಒಂದು ಸಣ್ಣ ಗುಂಡಿ ಕೊರೆಯುತ್ತಾರೆ. ಆಣಿ ಆ ಗುಂಡಿಯೊಳಗೆ ಕೂರುತ್ತದೆ, ನೆಲ ಒತ್ತುವುದಿಲ್ಲ. ನೋವು ಮಾಯ!

ಅಳತೆ ಕಾಗದವನ್ನು ಅವರು ಎಸೆದದ್ದಿಲ್ಲ. ವರ್ಷಕ್ಕೊಂದು ಕಟ್ಟು ಮಾಡಿ, ದಾರ ಸುತ್ತಿ ಅಟ್ಟದ ಮೇಲೆ ಇಡುತ್ತಾರೆ. ಅವರ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು, ಅದೇ ಅಂಗಡಿಯಲ್ಲಿ ಕೂತು ಚಪ್ಪಲಿಯ ಬಾರು ಹೊಲಿಯುತ್ತಾರೆ. ತಿಂಗಳಿಗೊಮ್ಮೆಯಾದರೂ ಅವರು ಹೇಳುವ ಮಾತು ಇದು: "ಊರವರ ಪಾದವೆಲ್ಲ ನಮ್ಮ ಅಟ್ಟದ ಮೇಲಿದೆ, ನಮಗೆ ಕಾಲಿಡೋಕೆ ಜಾಗ ಇಲ್ಲ ನೋಡ್ರೀ!"

ಒಂದು ಸೋಮವಾರ ಆ ಅಂಗಡಿಗೆ ಪಟ್ಟಿ ಮೇಡಂ ಬಂದರು. ಅವರು ಆರೋಗ್ಯ ಕೇಂದ್ರದ ಕೆಲಸದವರು. ಯಾವಾಗ ನೋಡಿದರೂ ಕೈಯಲ್ಲಿ ಒಂದು ಉದ್ದನೆಯ ಪಟ್ಟಿ ಇರುತ್ತದೆ, ಹಾಗಾಗಿ ನಾವು ಇಟ್ಟ ಹೆಸರು ಅದು. ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ ಹಾಗೆ ನನ್ನ ಮಿಷನ್ ನಿಂತಿತು. ಎಣ್ಣೆ ಹಾಕಬೇಕಿತ್ತು ಎಂದು ಬೇಕಾದರೆ ಇಟ್ಟುಕೊಳ್ಳಿ. ಎರಡು ನಿಮಿಷದಲ್ಲಿ ನಾನೂ ಅಲ್ಲೇ ಇದ್ದೆ.

"ಅಣ್ಣ, ನಮ್ಮ ಭಾಗದಲ್ಲಿ ಚರ್ಮದ ಕ್ಯಾನ್ಸರ್ ಎಷ್ಟು ಜನಕ್ಕಿದೆ ಅಂತ ಲೆಕ್ಕ ತೆಗೀತಿದೀವಿ," ಎಂದರು ಮೇಡಂ. "ಅದರಲ್ಲೂ ಮೆಲನೋಮ ಅಂತ ಒಂದಿದೆ. ನೋಡೋಕೆ ಮಚ್ಚೆ ಥರಾನೇ ಇರುತ್ತೆ. ಮನೇಲಿ, ಅಂಗಡೀಲಿ ಯಾರಿಗಾದ್ರೂ ಬದಲಾಗ್ತಿರೋ ಕಪ್ಪು ಗುರುತು ಇದ್ರೆ ಹೇಳಿ."

ಮೆತ್ತೆಯಣ್ಣ ತಲೆ ಎತ್ತಲಿಲ್ಲ. ರಂಪಿಗೆಯಿಂದ ತೊಗಲು ಕೊಯ್ಯುತ್ತಲೇ ಕೇಳಿದರು. "ಅಲ್ಲಾ ಮೇಡಂ, ಎಣಿಸಿದ್ರೆ ಕಾಯಿಲೆ ಕಮ್ಮಿ ಆಗುತ್ತಾ? ಎಣಿಸೋ ಹೊತ್ತಲ್ಲಿ ನಾಲ್ಕು ಮಾತ್ರೆ ಕೊಡಿ."

"ನೀವು ಅಳತೆ ತಗೊಳ್ದೆ ಚಪ್ಪಲಿ ಮಾಡ್ತೀರಾ ಅಣ್ಣ?"

ರಂಪಿಗೆ ನಿಂತಿತು. "ಅದು ಹೇಗಾಗುತ್ತೆ?"

"ನಮ್ಮದೂ ಅದೇ ಕಥೆ. ಒಂದು ವರ್ಷದಲ್ಲಿ, ಒಂದು ಲಕ್ಷ ಜನರಲ್ಲಿ, ಎಷ್ಟು ಜನಕ್ಕೆ ಹೊಸದಾಗಿ ಬಂತು ಅನ್ನೋದು ನಮ್ಮ ಅಳತೆ. ಅದು ಗೊತ್ತಿದ್ರೆ ತಾನೇ ಎಲ್ಲಿಗೆ ಡಾಕ್ಟರನ್ನ ಕಳಿಸಬೇಕು, ಎಲ್ಲಿ ತಪಾಸಣೆ ಮಾಡಬೇಕು ಅಂತ ತಿಳಿಯೋದು? ನಾನು ಆಸ್ಪತ್ರೆಗೆ ಹೋಗಿ ಬರ್ಕೋತೀನಿ, ಪರೀಕ್ಷೆ ಮಾಡೋ ಲ್ಯಾಬಿಗೆ ಹೋಗಿ ಬರ್ಕೋತೀನಿ. ಒಬ್ಬರೇ ಮೂರು ಆಸ್ಪತ್ರೆಗೆ ಹೋಗಿದ್ರೂ ಒಂದೇ ಸಲ ಎಣಿಸ್ತೀವಿ."

"ಸರಿ, ನಮ್ಮ ಕಡೆ ಎಷ್ಟಿದೆ ಹಾಗಾದ್ರೆ?"

"ಮೂರು ವರ್ಷದಿಂದ ಸೊನ್ನೆ."

"ನೋಡಿದ್ರಾ!" ಮೆತ್ತೆಯಣ್ಣನ ಮುಖ ಅರಳಿತು. "ಸೊನ್ನೆ ಅಂದ್ರೆ ನೂರಕ್ಕೆ ನೂರು ಬಂದ ಹಾಗೆ. ಇನ್ನೇನು ಬೇಕು?"

ಮೇಡಂ ನಗಲಿಲ್ಲ. "ಪಕ್ಕದ ಭಾಗದಲ್ಲೂ ನಮ್ಮಷ್ಟೇ ಜನ ಇದಾರೆ. ಅಲ್ಲಿ ಮೂರು ವರ್ಷಕ್ಕೆ ಐದು. ಅವರು ಕುಡಿಯೋ ನೀರೇ ನಾವೂ ಕುಡಿಯೋದು, ಅವರ ಮೇಲೆ ಬೀಳೋ ಬಿಸಿಲೇ ನಮ್ಮ ಮೇಲೂ ಬೀಳೋದು. ನಮ್ಮದು ಕಾಯಿಲೆ ಇಲ್ದೆ ಸೊನ್ನೆನೋ, ಯಾರೂ ನೋಡದೆ ಸೊನ್ನೆನೋ? ನನಗೆ ಅದೇ ಅನುಮಾನ. ಬುಧವಾರ ಬುಧವಾರ ನಮ್ಮ ಕೇಂದ್ರಕ್ಕೆ ಚರ್ಮದ ಡಾಕ್ಟರಮ್ಮ ಬರ್ತಾರಲ್ಲ, ಇಲ್ಲಿ ಸೊನ್ನೆ ಅಂತ ಮುಂದಿನ ವರ್ಷದಿಂದ ಅವರನ್ನ ಬೇರೆ ಕಡೆಗೆ ಕಳಿಸೋ ಮಾತು ನಡೀತಿದೆ."

ಇದು ನನಗೂ ಹೊಸ ಸುದ್ದಿ. ನಾನು ಬಾಯಿ ಹಾಕಿದೆ. "ಬಿಸಿಲಲ್ಲಿ ದುಡಿಯೋರಿಗೆ ತಾನೇ ಮೇಡಂ ಬರೋದು? ನಾವೆಲ್ಲ ನೆರಳಲ್ಲಿ ಕೂತಿರೋರು."

"ಬಿಸಿಲಿಂದಲೂ ಬರುತ್ತೆ. ಬಿಸಿಲೇ ಕಾಣದ ಕಡೆನೂ ಬರುತ್ತೆ. ಅಂಗಾಲು, ಅಂಗೈ, ಉಗುರಿನ ಅಡಿ. ಬೆಳ್ಳಗಿರೋರಿಗೆ ಹೆಚ್ಚು ಬರುತ್ತೆ ನಿಜ, ಆದ್ರೆ ಯಾವ ಮೈಬಣ್ಣದವರನ್ನೂ ಬಿಡಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತೀವಿ. ಬೇಡ, ಒಪ್ಪಿದೆ. ಆದ್ರೆ ಅಂಗಾಲಿಗೆ ಬೇಕೇ ಬೇಕಲ್ಲ! ಅದನ್ನ ಯಾರು ನೋಡ್ಕೋತಾರೆ ಹೇಳಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗಾಯಿತು. ಮೂಲೆಯಲ್ಲಿ ಕಾಲು ಚಾಚಿ ಬಾರು ಹೊಲಿಯುತ್ತಿದ್ದ ಅತ್ತಿಗೆ ಮೆಲ್ಲನೆ ಎಡಗಾಲು ಒಳಗೆ ಎಳೆದುಕೊಂಡರು. ಮೇಡಂ ಅದನ್ನು ನೋಡಲಿಲ್ಲ. ನಾನು ನೋಡಿದೆ.

ಮೇಡಂ ಹೋದ ಮೇಲೆ ಅತ್ತಿಗೆ ಎದ್ದು ಅಂಗಡಿಯ ಹಿಂದಿನ ಕೋಣೆಗೆ ಹೋದರು, ನಾನೂ ಹಿಂದೆಯೇ ನುಗ್ಗಿದೆ. "ಅತ್ತಿಗೆ, ಕಾಲು ತೋರಿಸಿ."

"ಏನಿಲ್ಲ ಕಣೇ, ಹೋಗು."

"ತೋರಿಸದಿದ್ರೆ ನಿಮ್ಮ ಪಾದ ನಾನೇ ಹಿಡೀಬೇಕಾಗುತ್ತೆ. ಆಮೇಲೆ ಆಶೀರ್ವಾದ ಮಾಡಬೇಕಾಗುತ್ತೆ."

ನಗುತ್ತಲೇ ತೋರಿಸಿದರು. ನನ್ನ ನಗು ಅಲ್ಲೇ ನಿಂತಿತು. ಹಿಮ್ಮಡಿಯ ಮುಂದೆ, ಅಂಗಾಲಿನ ಹೊರ ಅಂಚಿನಲ್ಲಿ ಒಂದು ಕಪ್ಪು ಗುರುತು. ಒಂದು ಕಡೆ ಕಡುಗಪ್ಪು, ಒಂದು ಕಡೆ ಕಂದು. ಅಂಚು ನೆಟ್ಟಗಿಲ್ಲ, ಇಲಿ ಕಚ್ಚಿದ ಬಟ್ಟೆಯ ಹಾಗಿದೆ.

"ನೋವಾಗುತ್ತಾ?"

"ಚೂರೂ ಇಲ್ಲ. ನಿಮ್ಮಣ್ಣ ಚಪ್ಪಲೀಲಿ ಗುಂಡಿ ಕೊರೆದು ಕೊಟ್ಟಿದಾರಲ್ಲ, ಅಲ್ಲಿ ಏನಿದೆ ಅಂತ ಗೊತ್ತೇ ಆಗಲ್ಲ." ಆಮೇಲೆ ದನಿ ಇಳಿಸಿದರು. "ಡಾಕ್ಟರ ಹತ್ರ ಹೋದ್ರೆ ಕತ್ತರಿಸ್ತಾರೆ. ಕತ್ತಿ ತಾಗಿದ್ರೆ ಮೈಯೆಲ್ಲ ಹರಡುತ್ತಂತೆ. ಆ ಪಟ್ಟೀಲಿ ಹೆಸರು ಬಂದ್ರೆ ನಾಳೆ ಯಾರು ಈ ಅಂಗಡಿ ಮೆಟ್ಟಿಲು ಹತ್ತುತಾರೆ? ಸುಮ್ನಿರು, ಯಾರಿಗೂ ಹೇಳಬೇಡ."

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಬೀದಿಗೆಲ್ಲ ಗೊತ್ತು. ಅತ್ತಿಗೆಗೂ ಗೊತ್ತು. ಹೇಳಬೇಡ ಎಂದು ನನಗೇ ಹೇಳಿದರು ಅಂದರೆ ಯಾರಾದರೂ ಹೇಳಲಿ ಎಂದು ಅವರ ಮನಸ್ಸಿನಲ್ಲೂ ಇತ್ತೇನೋ. ಮರುದಿನ ಅಂಗಡಿ ಬಾಗಿಲು ತೆಗೆಯುವುದನ್ನೇ ಕಾದಿದ್ದು ಹೋದೆ.

"ಅಣ್ಣ, ಅತ್ತಿಗೆ ಕಾಲಲ್ಲಿರೋದನ್ನ ಡಾಕ್ಟರಮ್ಮನಿಗೆ ತೋರಿಸಬೇಕು."

"ಅದಾ? ಅದು ಆಣಿ ಕಣಮ್ಮ. ಮೂವತ್ತು ವರ್ಷದಿಂದ ಅಂಗಾಲು ನೋಡ್ಕೊಂಡೇ ಬಂದಿದೀನಿ. ನನಗೆ ಆಣಿ ಗೊತ್ತಾಗಲ್ವಾ?"

"ನಿಮಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗುತ್ತೆ! ಅದಕ್ಕೇ ನಿಮ್ಮ ಕಾಗದಾನೇ ಕೇಳೋಣ. ಅತ್ತಿಗೆ ಅಳತೆ ಎಲ್ಲ ತೆಗೀರಿ. ನಾನೂ ಅಳತೆಯವಳೇ ಅಣ್ಣ. ಒಬ್ಬರ ಒಂದು ಅಳತೆ ನೋಡಿದ್ರೆ ಏನೂ ತಿಳಿಯಲ್ಲ. ನಾಲ್ಕು ವರ್ಷದ್ದು ಪಕ್ಕಪಕ್ಕ ಇಟ್ರೆ ಯಾರು ಇಳಿದ್ರು, ಯಾರು ಊದಿದ್ರು ಎಲ್ಲ ಹೊರಗೆ ಬರುತ್ತೆ."

ಗೊಣಗುತ್ತಲೇ ಸ್ಟೂಲು ಹತ್ತಿದರು. ನಾಲ್ಕು ಕಟ್ಟು ಇಳಿಸಿದರು. ಧೂಳಿಗೆ ಇಬ್ಬರೂ ಸೀನಿದೆವು. ನಾಲ್ಕು ವರ್ಷದ ನಾಲ್ಕು ಕಾಗದ ಸಿಕ್ಕಿತು. ತೊಗಲು ಕೊಯ್ಯುವ ಹಲಗೆಯ ಮೇಲೆ ಸಾಲಾಗಿ ಹರಡಿದೆವು.

ಮೊದಲನೆಯದರಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆ. ಪಕ್ಕದಲ್ಲಿ ಅಣ್ಣನ ಓರೆ ಅಕ್ಷರ: ಮಚ್ಚೆ. ಎರಡನೆಯದರಲ್ಲಿ ಮೆಣಸಿನ ಕಾಳಿನಷ್ಟು. ಮಚ್ಚೆ, ದೊಡ್ಡದು. ಮೂರನೆಯದರಲ್ಲಿ ಅಂಚು ಅಂಕುಡೊಂಕಾಗಿತ್ತು, ಪಕ್ಕದಲ್ಲಿ ಬರೆದದ್ದು: ಆಣಿ. ನಾಲ್ಕನೆಯದು ನನ್ನ ಅಂಗಡಿಯ ಅಂಗಿ ಗುಂಡಿಯಷ್ಟಿತ್ತು. ಅದರ ಪಕ್ಕದಲ್ಲೂ ಆಣಿ.

"ಅಣ್ಣ, ಮಚ್ಚೆ ಯಾವಾಗ ಆಣಿ ಆಯ್ತು?"

ಅವರು ನಾಲ್ಕನೆಯ ಕಾಗದವನ್ನು ಹತ್ತಿರ ಎಳೆದುಕೊಂಡರು. ಪೆನ್ಸಿಲ್ ಗುರುತಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಇದ್ದರು.

"ಆಣಿ ಆದ್ರೆ ನನ್ನ ಕೈಲಿ ಏನಾದ್ರೂ ಮಾಡೋಕಾಗುತ್ತೆ," ಎಂದರು ಕೊನೆಗೆ. "ಮಚ್ಚೆಗೆ ನನ್ನ ಹತ್ರ ಏನಿದೆ? ಅದಕ್ಕೇ ಆಣಿ ಅಂದ್ಕೊಂಡೆ."

ಎದ್ದು ಹೋಗಿ ಅತ್ತಿಗೆಯ ಹಳೆಯ ಚಪ್ಪಲಿಗಳನ್ನು ಹುಡುಕಿ ತಂದರು. ಒಂದೊಂದರ ಅಟ್ಟೆಯಲ್ಲೂ ಗುಂಡಿ. ಮೊದಲನೆಯದರಲ್ಲಿ ಕಿರುಬೆರಳ ತುದಿ ಹಿಡಿಯಿತು. ಕೊನೆಯದರಲ್ಲಿ ಹೆಬ್ಬೆರಳು ಇಳಿಯಿತು. ಊರವರ ಪಾದವೆಲ್ಲ ನೋಡಿದ ಮನುಷ್ಯ. ದೀಪದ ಬುಡದಲ್ಲೇ ಕತ್ತಲೆ.

"ವರ್ಷಾ ವರ್ಷಾ ಅದಕ್ಕೆ ನಾನೇ ಜಾಗ ಮಾಡಿಕೊಟ್ಟೆ," ಎಂದು ಕಣ್ಣೊರೆಸಿಕೊಂಡರು. ನನಗೆ ತುಂಬ ಸಂಕಟವಾಯಿತು.

ಅಷ್ಟರಲ್ಲಿ ಅತ್ತಿಗೆ ಬಂದರು. "ಯಾಕ್ರೀ ಅಳ್ತಿದೀರಾ? ನನಗೆ ನೋವೇ ಇಲ್ವಲ್ಲ!"

"ಅದೇ ಕಣೇ ಆಗಿರೋದು. ನೋವು ಗೊತ್ತಾಗದ ಹಾಗೆ ಮಾಡಿಟ್ಟಿದೀನಿ. ನಾಳೆ ಬುಧವಾರ. ಹೊರಡು."

"ಕತ್ತಿ ತಾಗಿದ್ರೆ..."

"ಕತ್ತಿ ವಿಷಯ ಡಾಕ್ಟರಮ್ಮನ್ನೇ ಕೇಳೋಣ. ನನ್ನ ಮಾತು ಇಷ್ಟು ವರ್ಷ ಕೇಳಿದ್ದು ಸಾಕು."

ಬುಧವಾರ ಮೂವರೂ ಹೋದೆವು. ಮೆತ್ತೆಯಣ್ಣನ ಕಂಕುಳಲ್ಲಿ ನಾಲ್ಕು ಕಾಗದದ ಸುರುಳಿ. ಡಾಕ್ಟರಮ್ಮ ದೀಪವಿರುವ ಪುಟ್ಟ ಮಸೂರ ಹಿಡಿದು ಅತ್ತಿಗೆಯ ಅಂಗಾಲನ್ನು ನೋಡಿದರು. ಕಾಗದ ಬಿಡಿಸಿದಾಗ ಕುರ್ಚಿಯಿಂದ ಎದ್ದೇ ಬಿಟ್ಟರು!

"ಇದು ಯಾವಾಗ ಶುರುವಾಯ್ತು, ಹೇಗೆ ಬೆಳೀತು ಅಂತ ಕೇಳಿದ್ರೆ ಯಾರಿಗೂ ನೆನಪೇ ಇರಲ್ಲ. ನೀವು ತಾರೀಖು ಹಾಕಿ ಚಿತ್ರ ಬರೆದಿಟ್ಟಿದೀರಲ್ಲ! ಎಲ್ಲಿ ಕಲಿತ್ರಿ?"

"ಚಪ್ಪಲಿಗೆ ಅಂತ ಬರೆದದ್ದು ಡಾಕ್ಟರಮ್ಮ," ಎಂದರು ಅಣ್ಣ ತಲೆ ತಗ್ಗಿಸಿ. "ನಾನು ಗುಂಡಿ ಕೊರೆದದ್ದಕ್ಕೇ ಬಂತಾ ಇದು?"

"ಖಂಡಿತ ಇಲ್ಲ. ಗುಂಡಿಯಿಂದ ಬಂದಿದ್ದಲ್ಲ, ಗುಂಡಿಯಿಂದ ಗೊತ್ತಾಗಲಿಲ್ಲ ಅಷ್ಟೆ. ಸುಮಾರು ಸಲ ಇದು ನೋಯೋದೇ ಇಲ್ಲ. ನೋವಿಲ್ಲ ಅಂತಾನೇ ಜನ ಬಿಟ್ಟುಬಿಡ್ತಾರೆ."

ಅತ್ತಿಗೆ ಗಟ್ಟಿ ಮನಸ್ಸು ಮಾಡಿ ಕತ್ತಿಯ ಮಾತು ಕೇಳಿಯೇ ಬಿಟ್ಟರು. ಡಾಕ್ಟರಮ್ಮ ಅವರ ಕೈ ಹಿಡಿದುಕೊಂಡರು. "ಪರೀಕ್ಷೆಗೆ ತುಣುಕು ತೆಗೆದ್ರೆ ಹರಡಲ್ಲಮ್ಮ. ಕ್ಯಾನ್ಸರ್ ಆಗಿದ್ದು ನಾವು ತೆಗೀದೆ ಬಿಟ್ರೆ ಹರಡುತ್ತೆ." ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತುಣುಕು ತೆಗೆದು ಲ್ಯಾಬಿಗೆ ಕಳಿಸಿದರು.

ಆಮೇಲಿನ ಹತ್ತು ದಿನ ಇದೆಯಲ್ಲ, ಅದನ್ನು ಕೇಳಬೇಡಿ. ಹಲಗೆಯ ಆ ಕಡೆ ಮಾತಿಲ್ಲ, ಈ ಕಡೆ ನನ್ನ ಹೊಲಿಗೆ ನೆಟ್ಟಗಿಲ್ಲ. ಒಬ್ಬರ ಅಂಗಿಗೆ ಎರಡೂ ಕಡೆ ಎಡತೋಳನ್ನೇ ಹೊಲಿದೆ.

ಫಲಿತಾಂಶ ಬಂತು. ಡಾಕ್ಟರಮ್ಮ ಮುಚ್ಚಿಡಲಿಲ್ಲ. "ಮೆಲನೋಮಾನೇ. ಆದ್ರೆ ಇನ್ನೂ ಮೇಲ್ಪದರದಲ್ಲೇ ಇದೆ. ಆಳಕ್ಕೆ ಇಳಿದಿಲ್ಲ. ಸುತ್ತಲಿನ ಚೂರು ಚರ್ಮದ ಜೊತೆ ತೆಗೆದ್ರೆ ವಾಸಿಯಾಗೋ ಹಂತ. ಆಮೇಲೆ ಆಗಾಗ ಬಂದು ತೋರಿಸ್ತಿರಬೇಕು."

"ಉಗುರಲ್ಲಿ ಹೋಗೋ ಹಂತ ಅಂತೀರಾ?" ಅಣ್ಣ ಕೇಳಿದರು. "ಇನ್ನೆರಡು ಸಲ ಗುಂಡಿ ಕೊರೆದಿದ್ರೆ ಕೊಡಲಿ ಬೇಕಾಗ್ತಿತ್ತು, ಅಲ್ವಾ?"

"ಹೌದು," ಎಂದರು ಡಾಕ್ಟರಮ್ಮ.

ಅತ್ತಿಗೆ ಮಾತ್ರ ಒಮ್ಮೆಲೇ ಹಗುರಾದವರ ಹಾಗೆ ಕಂಡರು. "ವಾಸಿಯಾಗುತ್ತೆ ಅಂದ್ರಲ್ಲ, ಮುಗೀತು. ಯಾವತ್ತು ಬರಲಿ ಹೇಳಿ!"

ದೊಡ್ಡಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ತೊಡೆಯ ಚರ್ಮ ತೆಗೆದು ಅಂಗಾಲಿಗೆ ಹಾಕಿದರು. "ಅಲ್ಲೂ ತೇಪೆ ಕೆಲಸಾನೇ ಕಣೇ, ನಿನ್ನ ಹೊಲಿಗೆಗಿಂತ ನೀಟಾಗಿದೆ," ಎಂದು ಅತ್ತಿಗೆ ಹಾಸಿಗೆಯಲ್ಲಿ ಮಲಗಿಯೇ ನನ್ನನ್ನು ಕಿಚಾಯಿಸಿದರು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಎಲ್ಲ ನಗುವಿನದ್ದೇ ಅಲ್ಲ.

ಅವರು ಮನೆಗೆ ಬಂದು ಕೆಲವು ವಾರವಾದ ಮೇಲೆ ಪಟ್ಟಿ ಮೇಡಂ ಬಂದರು. ಈ ಸಲ ಕೈಯಲ್ಲಿ ಒಂದೇ ಹಾಳೆ. ಲ್ಯಾಬಿನಿಂದ ಅವರಿಗೆ ವರದಿ ಬಂದಿತ್ತು. ಗುರುತು ಮೊದಲು ಕಂಡದ್ದು ಯಾವಾಗ, ಈ ಭಾಗದಲ್ಲಿ ವಾಸ ಎಷ್ಟು ವರ್ಷದಿಂದ ಎಂಬುದನ್ನೆಲ್ಲ ಕೇಳಿ ತುಂಬಿಸಬೇಕಿತ್ತು.

ಮೆತ್ತೆಯಣ್ಣ ಮತ್ತೆ ಹಿಂಜರಿದರು. "ಕಾಯಿಲೆ ವಾಸಿ ಆಯ್ತಲ್ಲ ಮೇಡಂ. ಇನ್ನು ಹೆಸರು ಯಾಕೆ? ನಾಲ್ಕು ಜನರ ಬಾಯಿಗೆ ಬೀಳಬೇಕಾ ನಾವು?"

"ಹೆಸರು ನಮ್ಮ ಕಚೇರಿ ಬೀಗದೊಳಗೇ ಇರುತ್ತೆ ಅಣ್ಣ. ಒಬ್ಬರನ್ನೇ ಎರಡು ಸಲ ಎಣಿಸಬಾರದು ಅಂತ ಮಾತ್ರ ಬೇಕು. ಹೊರಗೆ ಹೋಗೋದು ಬರೀ ಸಂಖ್ಯೆ. ಇಂಥ ಭಾಗದಲ್ಲಿ, ಇಂಥ ವಯಸ್ಸಿನವರಲ್ಲಿ, ಅಂಗಾಲಿನಲ್ಲಿ ಒಂದು. ಅಷ್ಟೆ. ವಾಸಿ ಆಗಿರೋದ್ರಿಂದಲೇ ಬರೀಬೇಕು. ಬೇಗ ಸಿಕ್ಕಿದ್ರೆ ಏನಾಗುತ್ತೆ ಅಂತ ಆ ಒಂದು ಅಂಕಿ ಹೇಳುತ್ತೆ."

ಅಣ್ಣ ಇನ್ನೂ ಗಡ್ಡ ಕೆರೆಯುತ್ತಿದ್ದರು. ಗೋಡೆ ಹಿಡಿದು ನಿಂತಿದ್ದ ಅತ್ತಿಗೆ ಕುಂಟುತ್ತ ಬಂದು ಮೇಡಂ ಎದುರಿಗೆ ಕೂತರು.

"ನೀವು ಬರ್ಕೊಳಿ ಮೇಡಂ. ನನ್ನ ವಯಸ್ಸೂ ಸರಿಯಾಗಿ ಬರ್ಕೊಳಿ, ಎರಡು ವರ್ಷ ಕಮ್ಮಿ ಹೇಳ್ತಿದ್ದೆ, ಇವತ್ತು ನಿಜ ಹೇಳ್ತೀನಿ. ಆ ಸೊನ್ನೆ ನಂಬ್ಕೊಂಡು ಡಾಕ್ಟರಮ್ಮನ್ನ ಕಳಿಸಿಬಿಟ್ಟಿದ್ರೆ ನಾನು ಯಾರಿಗೆ ಕಾಲು ತೋರಿಸ್ತಿದ್ದೆ? ಆ ಸೊನ್ನೆಗೆ ನಾನೂ ಸೇರ್ಕೊಂಡಿದ್ದೆ. ಮುಚ್ಚಿಟ್ಕೊಂಡಿದ್ದೆನಲ್ಲ!"

ಮೇಡಂ ಬರೆದುಕೊಂಡರು. ಒಂದು. ಆ ಒಂದು ಅಂಕಿ ನೋಡಿ ಪಟಾಕಿ ಹೊಡೆದಷ್ಟು ಸಂಭ್ರಮ ನನಗೆ! ಬೀದಿಗೆ ಓಡಿ ಕೂಗಬೇಕೆನಿಸಿತು. ಅತ್ತಿಗೆ ಕಣ್ಣಲ್ಲೇ ಗದರಿದರು, ಸುಮ್ಮನಾದೆ. ಆಮೇಲೆ "ಈ ಕಥೆ ನೀನೇ ಹೇಳು, ನಿನ್ನ ಬಾಯಿಗೂ ಒಂದು ಉಪಯೋಗ ಆಗಲಿ," ಎಂದು ಅವರೇ ಹೇಳಿದ್ದಕ್ಕೆ ನಿಮಗೆ ಹೇಳುತ್ತಿದ್ದೇನೆ.

ಅದಕ್ಕಿಂತ ದೊಡ್ಡ ಸಂಭ್ರಮ ಮರುದಿನ ಶುರುವಾಯಿತು. ಮೆತ್ತೆಯಣ್ಣ ಅಟ್ಟದ ಮೇಲಿನ ಕಟ್ಟುಗಳನ್ನೆಲ್ಲ ಇಳಿಸಿದರು. ಒಬ್ಬೊಬ್ಬರ ಕಾಗದವನ್ನು ಸಾಲಾಗಿ ಇಟ್ಟು, ಎಲ್ಲಿ ಕಪ್ಪು ಗುರುತು ವರ್ಷದಿಂದ ವರ್ಷಕ್ಕೆ ಬೆಳೆದಿದೆ ಎಂದು ಹುಡುಕಿದರು. ಮೂವತ್ತೊಂದು ಜನ ಸಿಕ್ಕರು. ಯಾರ ಹೆಸರನ್ನೂ ಇನ್ನೊಬ್ಬರಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ನಾನು ಎಷ್ಟು ಸಲ ಕೇಳಿದೆ ಎಂಬುದು ಬೇಡ. ಒಬ್ಬೊಬ್ಬರ ಮನೆಗೂ ತಾವೇ ಹೋಗಿ, ಅವರವರ ಕಾಗದ ಅವರವರ ಕೈಗೇ ಕೊಟ್ಟು, "ಬುಧವಾರ ತೋರಿಸಿ ಬನ್ನಿ, ಅಲ್ಲಿವರೆಗೆ ನನ್ನ ಹತ್ರ ಚಪ್ಪಲಿ ಇಲ್ಲ," ಎಂದು ಬಂದರು.

ಇಪ್ಪತ್ತಾರು ಜನ ಹೋದರು. ಇಪ್ಪತ್ತೈದು ಜನರದ್ದು ಬರೀ ಮಚ್ಚೆ, ನರುಲಿ, ಆಣಿ, ಹೆಪ್ಪುಗಟ್ಟಿದ ರಕ್ತ. ಹೆದರಿ ಹೋದವರು ನಗುತ್ತ ಬಂದರು. ಒಬ್ಬರದ್ದು ಮೆಲನೋಮ. ಅದೂ ಬೇಗ ಸಿಕ್ಕಿತು. ಮೇಡಂ ಪಟ್ಟಿಯಲ್ಲಿ ಒಂದು ಹೋಗಿ ಎರಡಾಯಿತು. ಅಯ್ಯೋ, ಏರುತ್ತಿದೆಯಲ್ಲ ಎಂದು ಯಾರೋ ಗಾಬರಿಯಾದಾಗ ಉತ್ತರ ಕೊಟ್ಟವರು ಮೆತ್ತೆಯಣ್ಣನೇ. "ಮುಚ್ಚಿದ್ದದ್ದು ಈಗ ಕಾಣ್ತಿದೆ. ಅಳತೆ ಸರಿಯಾಗಿ ತೆಗೆದ್ರೆ ಪಾದ ದೊಡ್ಡದಾಗುತ್ತೇನ್ರೀ?"

ವರ್ಷದ ಕೊನೆಗೆ ಆರೋಗ್ಯ ಕೇಂದ್ರದ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಚರ್ಮದ ಡಾಕ್ಟರಮ್ಮ ಮುಂದಿನ ವರ್ಷವೂ ಪ್ರತಿ ಬುಧವಾರ ಬರುತ್ತಾರೆ ಎಂದು ಅದರಲ್ಲಿತ್ತು.

ಈಗ ಮೆತ್ತೆಯಣ್ಣನ ಅಂಗಡಿಯ ನೆಲದ ಮೇಲೆ ಒಂದು ಕನ್ನಡಿ ಓರೆಯಾಗಿ ನಿಂತಿದೆ. ಅಳತೆಗೆ ಬಂದವರು ಮೊದಲು ಅದರಲ್ಲಿ ತಮ್ಮ ಅಂಗಾಲು ತಾವೇ ನೋಡಿಕೊಳ್ಳಬೇಕು. ಅತ್ತಿಗೆಗೆ ಅವರು ಹೊಸ ಚಪ್ಪಲಿ ಮಾಡಿಕೊಟ್ಟ ದಿನ ನಾನೂ ಇದ್ದೆ. ಅತ್ತಿಗೆ ಹಾಕಿಕೊಳ್ಳುವ ಮೊದಲು ಒಳ ಅಟ್ಟೆಯ ಮೇಲೆ ಬೆರಳಾಡಿಸಿದರು. ಈ ತುದಿಯಿಂದ ಆ ತುದಿಯವರೆಗೆ ಸಮನಾಗಿತ್ತು, ಮೆತ್ತಗಿತ್ತು. ಗುಂಡಿ ಇರಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ಈ ಹಾಳೆ ಕೆಳಗಿಟ್ಟು ಈಗಲೇ ಒಮ್ಮೆ ನಿಮ್ಮ ಅಂಗಾಲು ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ಕನ್ನಡಿ ಹಿಡಿಯಿರಿ, ಇಲ್ಲವೇ ಮನೆಯವರಿಗೆ ತೋರಿಸಿ. ಅಂಗೈ, ಬೆನ್ನು, ಉಗುರಿನ ಅಡಿಯನ್ನೂ ಬಿಡಬೇಡಿ. ಬೆಳೆಯುತ್ತಿರುವ, ಬಣ್ಣ ಬದಲಾಗುತ್ತಿರುವ, ಅಂಚು ಅಂಕುಡೊಂಕಾದ, ರಕ್ತ ಬರುವ ಗುರುತು ಕಂಡರೆ ಕೆರೆಯಬೇಡಿ, ಕುಯ್ಯಬೇಡಿ, ಸುಡಬೇಡಿ, ಡಾಕ್ಟರಿಗೆ ತೋರಿಸಿ. ಹೆಚ್ಚಿನವು ಏನೂ ಆಗಿರುವುದಿಲ್ಲ. ಆಗಿದ್ದರೆ, ಬೇಗ ಸಿಕ್ಕಷ್ಟೂ ಒಳ್ಳೆಯದು. ಇದು ಅಂಟುವ ರೋಗವಲ್ಲ, ನಾಚಿಕೆಯ ವಿಷಯವೂ ಅಲ್ಲ.

ಪಟ್ಟಿ ಹಿಡಿದವರು ನಿಮ್ಮ ಬಾಗಿಲಿಗೆ ಬಂದಾಗ ಕಾಲು ಒಳಗೆ ಎಳೆದುಕೊಳ್ಳಬೇಡಿ. ನೀವು ಹೇಳಿದರೆ ತಾನೇ ಅವರಿಗೆ ಗೊತ್ತಾಗುವುದು?